ಒಂಟಿ ಊ

ಕಾಲಕ್ಕೆ ಇನ್ನೂ ಹಾಲುಹಲ್ಲು ಇದ್ದಾಗ, ಬೆಟ್ಟಗಳು ಅಂಬೆಗಾಲಿಡುತ್ತಿದ್ದಾಗ, ಒಬ್ಬ ರಾಜನಿದ್ದನಂತೆ. ಕೆಟ್ಟವನೇನಲ್ಲ. ಹಸಿದವರಿಗೆ ಉಣಿಸುತ್ತಿದ್ದ, ಬಿದ್ದವರನ್ನು ಎತ್ತುತ್ತಿದ್ದ. ಅವನಿಗಿದ್ದ ಕೊರತೆ ಒಂದೇ: ಅವನ ಕಿವಿಗೆ ಊ ಎಂಬ ಅಕ್ಷರ ಕೇಳಿಸುತ್ತಿರಲಿಲ್ಲ. ಅಡುಗೆಯವನು ಬಂದು ‘ಊಟ’ ಎಂದರೆ ರಾಜನಿಗೆ ಬರೀ ‘ಟ’ ಕೇಳಿಸುತ್ತಿತ್ತು. ಎಲ್ಲೋ ಕೊಡಲಿಯ ಸದ್ದು ಎಂದುಕೊಂಡು ಹಸಿದೇ ಕೂರುತ್ತಿದ್ದ. ಅದು ಹಾಳಾಗಲಿ, ಹೊಟ್ಟೆ ಅವನದೇ. ಆದರೆ ಪ್ರಜೆಗಳನ್ನು ಕರೆದು ‘ಹೀಗೆ ಮಾಡೋಣವೇ?’ ಎಂದು ಕೇಳಿದಾಗ ಅವರು ‘ಊಹೂಂ’ ಎಂದರೆ ರಾಜನಿಗೆ ‘ಹೂಂ’ ಎಂದೇ ಕೇಳಿಸುತ್ತಿತ್ತು. ನನ್ನ ಪ್ರಜೆಗಳಂಥ ಪ್ರಜೆಗಳು ಇನ್ನೆಲ್ಲಿ ಎಂದು ಹಿಗ್ಗುತ್ತಾ ರಾಜ ತನಗೆ ತೋಚಿದ್ದನ್ನು ಮಾಡುತ್ತಿದ್ದ.

‘ಹೂಂನಲ್ಲೂ ಊ ಇದೆಯಲ್ಲ ಅಜ್ಜಿ?’ ಎಂದು ಮೊಮ್ಮಗಳು ಒಮ್ಮೆ ತಕರಾರು ತೆಗೆದಿದ್ದಳು. ಅಜ್ಜಿ ತಡವರಿಸಲಿಲ್ಲ. ‘ಆ ಊ ಹಕಾರದ ಸೊಂಟದ ಮೇಲೆ ಕೂತಿದೆ ಕಣೇ. ಯಾರೋ ಎತ್ಕೊಂಡು ಬಂದ್ರೆ ಕೇಳಿಸುತ್ತೆ. ಒಂಟಿಯಾಗಿ ನಡ್ಕೊಂಡು ಬರೋ ಊ ಇದೆ ನೋಡು, ಅದು ಮಾತ್ರ ಕೇಳಿಸಲ್ಲ.’

ಆ ಅಜ್ಜಿ ಈಗಿಲ್ಲ. ಅವಳ ಕತೆಗಳಿಗೆ ಹೂಂಗುಟ್ಟಿದವರು ಇಬ್ಬರು ಉಳಿದಿದ್ದಾರೆ: ಒಬ್ಬ ಅವಳ ಮಗ, ಇನ್ನೊಬ್ಬಳು ತಾಯಿಯಿಲ್ಲದ ಮೊಮ್ಮಗಳು. ಸೋದರಮಾವನೇ ಸೊಸೆಯನ್ನು ಸಾಕಿದ, ತಾನು ಕೆಲಸ ಮಾಡುವ ಲಾಂಡ್ರಿಗೇ ಅವಳನ್ನೂ ಸೇರಿಸಿದ. ಊರಿನ ಆಸ್ಪತ್ರೆಯ ಹಾಸುಬಟ್ಟೆ, ಹೋಟೆಲುಗಳ ಮೇಜುಬಟ್ಟೆ, ಕೈವಸ್ತ್ರ ಎಲ್ಲ ಬಂದು ಬೀಳುವುದು ಅಲ್ಲಿಗೆ. ಅಲ್ಲಿ ಎಲ್ಲರೂ ಮಾವನನ್ನು ದೊಡ್ಡಣ್ಣ ಎನ್ನುತ್ತಿದ್ದರು. ಇಸ್ತ್ರಿಯ ರೋಲರಿನ ಮುಂದೆ ನಿಂತು ಹಬೆಯೊಳಗೆ ಆನೆ ಕುದುರೆ ನೋಡುತ್ತಾ ಮೈಮರೆಯುವ ಸೊಸೆಗೆ ಕನಸಿ ಎಂದು ಹೆಸರಿಟ್ಟಿದ್ದರು.

ದೊಡ್ಡಣ್ಣ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಹಳೆಯ ಮಾಲೀಕ ಒಂದು ಬೆಳಗ್ಗೆ ಗೇಟಿಗೆ ಬೀಗ ಜಡಿದು ಹೇಳದೆ ಕೇಳದೆ ಹೊರಟುಹೋದಾಗ, ಎಲ್ಲರೂ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, ಆಸ್ಪತ್ರೆಯವರ ಕೈಕಾಲು ಹಿಡಿದು ಕೆಲಸ ಉಳಿಸಿದವನು ಅವನು. ಅಂದೇ ಅವನು ಎಲ್ಲರನ್ನೂ ಕೂರಿಸಿ ಇನ್ನು ಇಲ್ಲಿ ಯಜಮಾನ ಎಂಬ ಮಾತೇ ಬೇಡ, ಏನು ಮಾಡುವುದಿದ್ದರೂ ಎಲ್ಲರೂ ಕೂತು ಮಾತಾಡಿಯೇ ಮಾಡೋಣ ಎಂದಿದ್ದ. ಹಾಗೆಯೇ ನಡೆದುಕೊಂಡು ಬಂತು.

ಆದರೆ ಕೂತು ಮಾತಾಡುವುದು ಹೇಳಿದಷ್ಟು ಸುಲಭವಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಯಾವ ಸೋಪು ಎಂಬುದಕ್ಕೆ ಒಂದು ಮಧ್ಯಾಹ್ನ, ಯಾವ ಕಿಟಕಿ ತೆರೆದಿರಬೇಕು ಎಂಬುದಕ್ಕೆ ಇನ್ನೊಂದು. ಕೊನೆಗೆ ರಾತ್ರಿ ಪಾಳಿ ಬೇಕೋ ಬೇಡವೋ ಎಂಬ ಜಗಳ ಶುರುವಾಗಿ ಎಷ್ಟು ಸಲ ಕೂತರೂ ಬಗೆಹರಿಯಲಿಲ್ಲ. ಆ ಗಲಾಟೆಯಲ್ಲಿ ಒಂದು ದಿನ ಆಸ್ಪತ್ರೆಯ ಬಟ್ಟೆ ಹೋಗಲೇ ಇಲ್ಲ. ರೋಗಿಗಳು ಬರೀ ಹಾಸಿಗೆಯ ಮೇಲೆ ಮಲಗಿದರು. ಇನ್ನೊಂದು ಸಲ ಹೀಗಾದರೆ ನಿಮ್ಮ ದಾರಿ ನಿಮಗೆ ಎಂದು ಆಸ್ಪತ್ರೆಯವರು ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಅಂದಿನಿಂದ ದೊಡ್ಡಣ್ಣನಿಗೆ ಅನ್ನ ರುಚಿಸಲಿಲ್ಲ. ಈ ದಿನ ಬೆಳಗ್ಗೆ, ರೋಲರುಗಳು ಗರಗರ ತಿರುಗುತ್ತಿರುವಾಗ, ಹಬೆ ಬುಸುಗುಡುತ್ತಿರುವಾಗ, ಅವನು ಬಟ್ಟೆ ತುಂಬುವ ಪೆಟ್ಟಿಗೆಯ ಮೇಲೆ ಹತ್ತಿ ನಿಂತ. ಇನ್ನು ಮೀಟಿಂಗು ಗೀಟಿಂಗು ಇಲ್ಲ, ನಾನು ಹೇಳಿದ್ದು ನಡೆಯಲಿ, ರಾತ್ರಿ ಪಾಳಿ ಶುರುವಾಗಲಿ, ಬರಲಾಗದವರು ಬೇರೆ ಕಡೆ ನೋಡಿಕೊಳ್ಳಲಿ ಎಂದ. ‘ಆಯ್ತಾ?’ ಎಂದು ಕೇಳಿದ. ಲಾಂಡ್ರಿಯ ಹಾಲ್ ತುಂಬ ಹೂಂ ಎಂಬ ಸದ್ದು ಎದ್ದಿತು. ದೊಡ್ಡಣ್ಣನ ಮುಖ ಅರಳಿತು. ಅವನು ಇಳಿದು, ಗಾಜಿನ ಗೋಡೆಯ ತನ್ನ ಪುಟ್ಟ ಕೋಣೆಗೆ ಹೋದ.

 ಕನಸಿ ಅಂದದ್ದು ಊಹೂಂ. ಎಡಗಡೆ ನಿಂತವಳು ಅಂದದ್ದೂ ಊಹೂಂ. ಹಿಂದೆ ಯಾರೋ ಅಂದದ್ದು ಕತೆ ಕೇಳುವವರು ‘ಮುಂದೆ ಹೇಳು’ ಎಂಬ ಅರ್ಥದಲ್ಲಿ ಅನ್ನುವ ಹೂಂ, ಒಪ್ಪಿಗೆಯದಲ್ಲ. ಹಬೆಯ ಸದ್ದು ಎಲ್ಲರ ಮೊದಲಕ್ಷರವನ್ನೂ ನುಂಗಿತ್ತು.

ಅವಳು ಕೋಣೆಯ ಬಾಗಿಲಲ್ಲಿ ಹೋಗಿ ನಿಂತಳು. ಮನೆಯಲ್ಲಿ ಅವಳು ಮಾವನನ್ನು ಏಕವಚನದಲ್ಲಿ ಮಾತಾಡಿಸುತ್ತಿದ್ದಳು, ಲಾಂಡ್ರಿಯಲ್ಲಿ ಬಹುವಚನ.

‘ಮಾವ, ನೀವು ಕೇಳಿದ್ದಕ್ಕೆ ಎಲ್ಲರೂ ಒಪ್ಪಿಲ್ಲ.’

‘ನನ್ನ ಕಿವಿ ಚೆನ್ನಾಗೇ ಇದೆ.’

‘ಅಜ್ಜಿ ಹೇಳ್ತಿದ್ದ ರಾಜನದೂ ಚೆನ್ನಾಗೇ ಇತ್ತು.’

ದೊಡ್ಡಣ್ಣ ತಲೆ ಎತ್ತಿ ನೋಡಿದ. ನಗಲಿಲ್ಲ. ಕತೆ ಹೊಟ್ಟೆ ತುಂಬಿಸುವುದಿಲ್ಲ, ಆಸ್ಪತ್ರೆಯ ಕೆಲಸ ಹೋದರೆ ಇಷ್ಟೂ ಜನ ಹೊಟ್ಟೆಗೆ ತಣ್ಣೀರುಬಟ್ಟೆ ಹಾಕಿಕೊಂಡು ಮಲಗಬೇಕಾಗುತ್ತದೆ, ಆಗ ಇವರೆಲ್ಲ ಬಂದು ಹಿಡಿಯುವುದು ನನ್ನ ಕೊರಳಪಟ್ಟಿಯನ್ನು, ನಿನ್ನದನ್ನಲ್ಲ ಎಂದ. ಅದು ಸುಳ್ಳಲ್ಲ ಎಂದು ಕನಸಿಗೂ ಗೊತ್ತಿತ್ತು. ಆದರೂ ಅವಳು ಬಾಗಿಲು ಬಿಟ್ಟು ಕದಲಲಿಲ್ಲ. ಯಂತ್ರ ನಿಲ್ಲಿಸಿ ಇನ್ನೊಂದು ಸಲ ಕೇಳಬೇಕು ಎಂದಳು.

‘ನೀನೇ ಕೇಳು,’ ಎಂದ ದೊಡ್ಡಣ್ಣ ಕೊನೆಗೆ. ‘ಒಬ್ಬರನ್ನೂ ಬಿಡಬೇಡ. ಆಸ್ಪತ್ರೆ ಗಾಡಿ ಇಲ್ಲಿಂದ ಹೊರಡೋದರೊಳಗೆ ನನ್ನ ಮುಂದೆ ನಿಂತು ಏನಾಯ್ತು ಅಂತ ಹೇಳ್ಬೇಕು. ಆಗಲಿಲ್ವೋ, ಬೆಳಗ್ಗೆ ಆಡಿದ ಮಾತೇ ಮಾತು. ಆಮೇಲೆ ನೀನು ಈ ವಿಷಯದಲ್ಲಿ ಬಾಯಿ ಬಿಡೋ ಹಾಗಿಲ್ಲ.’

‘ಏನೇ ಬಂದ್ರೂ ನಿಮ್ಮ ಮುಖ ನೋಡೇ ಹೇಳ್ತೀನಿ,’ ಎಂದಳು ಕನಸಿ.

ಅವಳು ಮೊದಲು ಹೋದದ್ದು ಬಾಯ್ಲರ್ ತಾತನ ಹತ್ತಿರ. ತಾತ ಹೂಂ ಎಂದ. ಅದು ಯಾವ ಹೂಂ, ಕೇಳಿಸಿಕೊಂಡದ್ದೋ ಒಪ್ಪಿದ್ದೋ ಎಂದು ಅವಳು ಕೇಳಿದರೆ, ‘ನಿನ್ನನ್ನ ಇಲ್ಲಿಂದ ಕಳಿಸೋ ಹೂಂ’ ಎಂದು ಉರಿಯ ಕಡೆ ತಿರುಗಿಕೊಂಡ.

ಮಡಿಕೆಯಕ್ಕ ಮಾತ್ರ ನೇರವಾಗಿ ಹೇಳಿದಳು. ಬಟ್ಟೆ ಮಡಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಮಾತಾಡುವಾಗಲೂ ಕೈ ತನ್ನ ಪಾಡಿಗೆ ತಾನು ಮಡಿಸುತ್ತಿರುತ್ತಿತ್ತು. ತನಗೆ ದೊಡ್ಡಣ್ಣನ ಮಾತೇ ಸರಿ ಎಂದಳು. ‘ನೀವೆಲ್ಲ ಕಿಟಕಿ ಬಗ್ಗೆ ಕಿತ್ತಾಡ್ತಾ ಕೂತರೆ ನನ್ನ ಮಕ್ಕಳು ಸ್ಕೂಲ್ ಗೇಟಲ್ಲಿ ಅಳ್ತಾ ನಿಂತಿರ್ತಾವೆ. ಒಬ್ಬರು ಹೇಳಲಿ, ನಾನು ಮಾಡಿ ಮನೆಗೆ ಹೋಗ್ತೀನಿ. ನಂಗೆ ಅದೇ ಸ್ವಾತಂತ್ರ್ಯ.’ ಹಾಗಾದರೆ ರಾತ್ರಿ ಪಾಳಿ ಬಂದಾಗ ಮಕ್ಕಳ ಗತಿ ಏನು ಎಂದು ಕನಸಿ ಕೇಳಿದಳು. ಅಕ್ಕನ ಕೈ ಒಂದು ಗಳಿಗೆ ನಿಂತಿತು. ನನ್ನನ್ನು ದೊಡ್ಡಣ್ಣ ಬಿಟ್ಟುಕೊಡುವುದಿಲ್ಲ ಎಂದು ಮತ್ತೆ ಮಡಿಸತೊಡಗಿದಳು.

ಕಲೆ ತೆಗೆಯುವ ಕೆಲಸದವನನ್ನು ಎಲ್ಲರೂ ಕಲಾವಿದ ಎಂದು ಕರೆಯುತ್ತಿದ್ದರು. ಲೋಕದ ಕಲಾವಿದರೆಲ್ಲ ಕಲೆ ಬೆಳೆಸುತ್ತಾರೆ, ನಾನೊಬ್ಬ ಅಳಿಸುತ್ತೇನೆ ಎಂದು ಅವನೇ ನಗುತ್ತಿದ್ದ. ಈಗ ಅವನು ನಗಲಿಲ್ಲ. ಕಿಟಕಿಯ ಬೆಳಕಿಗೆ ಹಾಸುಬಟ್ಟೆ ಹಿಡಿದು ನೋಡುತ್ತಾ, ದನಿ ಇಳಿಸಿ ಹೇಳಿದ:

‘ನೋಡು ಕನಸಿ, ನೀನು ಅವರ ಮನೇಲಿ ಉಣ್ಣೋಳು. ನಿನ್ನ ಕಿವಿಗೆ ಬಿದ್ದದ್ದು ಅವರ ಕಿವಿಗೆ ಬೀಳಲ್ಲ ಅಂತ ಹೇಗೆ ನಂಬ್ಲಿ? ಬೇಡ ಅಂದೋರು ಯಾರು ಅಂತ ಗೊತ್ತಾದ ಮೇಲೆ, ಬೇಡವಾದೋರು ಯಾರು ಅಂತನೂ ಗೊತ್ತಾಗುತ್ತಲ್ಲ.’

ಕನಸಿಗೆ ಕಪಾಳಕ್ಕೆ ಹೊಡೆದಂತಾಯಿತು. ಇಷ್ಟು ಹೊತ್ತು ಅವಳಿಗೆ ಸಿಕ್ಕಿದ್ದೆಲ್ಲ ಅರ್ಧ ಮಾತು, ತಿರುಗಿಸಿದ ಮುಖ. ಅವರಿಗೆ ದೊಡ್ಡಣ್ಣನ ಭಯವೆಂದು ಅವಳು ಅಂದುಕೊಂಡಿದ್ದಳು. ಅವರಿಗೆ ಅವಳದೂ ಭಯವಿತ್ತು.

ಕಲಾವಿದ ತಾನು ನೋಡುತ್ತಿದ್ದ ಬಟ್ಟೆಯ ಮೂಲೆಗೆ ಗಂಟು ಹಾಕಿ ಪಕ್ಕಕ್ಕೆ ಎಸೆದ. ಅದು ಆ ಲಾಂಡ್ರಿಯ ಪದ್ಧತಿ. ಕಲೆ ಹೋಗದ ಬಟ್ಟೆಗೆ ಮೂಲೆಗಂಟು. ಗಂಟು ಕಂಡರೆ ಯಾರೂ ಏನೂ ಕೇಳುವುದಿಲ್ಲ, ಯಾರು ಹಾಕಿದ್ದು ಎಂದೂ ಕೇಳುವುದಿಲ್ಲ. ಇದು ಸರಿಯಾಗಿಲ್ಲ, ಮತ್ತೊಮ್ಮೆ ಆಗಬೇಕು ಎಂದಷ್ಟೇ ಅರ್ಥ. ಕನಸಿ ಆ ಗಂಟನ್ನೇ ನೋಡುತ್ತಾ ನಿಂತಳು. ಈ ಸಲ ಮೈಮರೆತದ್ದಲ್ಲ.

ಮಧ್ಯಾಹ್ನ ದೊಡ್ಡಣ್ಣ ಯಂತ್ರ ನಿಲ್ಲಿಸಿದ. ಕೊಟ್ಟ ಮಾತಿಗೆ ತಪ್ಪುವವನಲ್ಲ. ಆದರೆ ಇನ್ನೂ ಒಂದು ರಾಶಿ ಹಾಸುಬಟ್ಟೆ ರೋಲರಿಗೆ ಹೋಗಬೇಕಿತ್ತು. ಹಬೆ ಇಳಿದಷ್ಟೂ ಅವನ ಮುಖ ಬಿಗಿಯುತ್ತಿತ್ತು. ಹಾಲ್‌ನಲ್ಲಿ ಎಂಥ ನಿಶ್ಶಬ್ದ ಆವರಿಸಿತೆಂದರೆ, ವರ್ಷಗಟ್ಟಲೆ ಒಟ್ಟಿಗೆ ದುಡಿದವರಿಗೆ ಪಕ್ಕದವರ ಉಸಿರಾಟ ಮೊದಲ ಸಲ ಕೇಳಿಸಿತು.

ಕನಸಿ ಎಲ್ಲರಿಗೂ ಒಂದೊಂದು ಕೈವಸ್ತ್ರ ಹಂಚಿದಳು. ಒಣಹಾಕಿದ ಹಾಸುಬಟ್ಟೆಗಳ ಹಿಂದೆ ಒಂದು ಬಿದಿರಬುಟ್ಟಿ ಇದೆ, ಒಬ್ಬೊಬ್ಬರಾಗಿ ಹೋಗಿ, ಇನ್ನು ಮುಂದೆ ದೊಡ್ಡಣ್ಣ ಒಬ್ಬರೇ ತೀರ್ಮಾನ ಮಾಡಲಿ ಅನ್ನುವವರು ಮಡಿಸಿ ಹಾಕಿ, ಬೇಡ ಅನ್ನುವವರು ಮೂಲೆಗೆ ಗಂಟು ಕಟ್ಟಿ ಹಾಕಿ ಎಂದಳು. ಒಬ್ಬೊಬ್ಬರೇ ಹೋದರು, ಬಂದರು. ಬಂದವರೆಲ್ಲ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಿದ್ದರು, ಬೆವರಿಗೋ ಏನೋ.

ಎಣಿಸುವುದಕ್ಕೆ ಎಲ್ಲರೂ ಒಪ್ಪಿದ್ದು ಮಡಿಕೆಯಕ್ಕನನ್ನು. ದೊಡ್ಡಣ್ಣನ ಪರ ಎಂದು ಬಾಯಿಬಿಟ್ಟು ಹೇಳಿದವಳು, ಆದರೆ ಇನ್ನೊಬ್ಬರ ಅಂಗಿಯ ಗುಂಡಿಯನ್ನೂ ಮುಟ್ಟದವಳು. ಅವಳು ಬುಟ್ಟಿಯನ್ನು ಮೇಜಿನ ಮೇಲಿಟ್ಟಳು, ಒಂದೊಂದನ್ನೇ ತೆಗೆದಳು. ಎಲ್ಲರ ಕಣ್ಣೂ ಅವಳ ಮುಖದ ಮೇಲಿತ್ತು, ಏನಾದರೂ ಸುಳಿವು ಸಿಕ್ಕೀತೆಂದು. ಕೈಯನ್ನು ಯಾರೂ ನೋಡಲಿಲ್ಲ. ಅವಳೂ ನೋಡಿಕೊಳ್ಳಲಿಲ್ಲ.

‘ಅಕ್ಕಾ, ನಿನ್ನ ಕೈ,’ ಎಂದ ಕಲಾವಿದ.

ಮಡಿಕೆಯಕ್ಕ ಕೆಳಗೆ ನೋಡಿದಳು. ಅವಳ ಮುಂದೆ ಕೈವಸ್ತ್ರಗಳು ಅಂಚಿಗೆ ಅಂಚು ಕೂಡಿಸಿ, ಅಂದವಾಗಿ ಮಡಿಸಿ, ಒಂದೇ ಸಾಲಾಗಿ ಕೂತಿದ್ದವು. ಎರಡನೇ ಸಲ ಒಗೆದು ಬಂದ ಬಟ್ಟೆಯ ಗಂಟು ಬಿಚ್ಚಿ ಮಡಿಸುವುದು ದಿನವೂ ಅವಳದೇ ಕೆಲಸ. ಗಂಟು ಕಂಡಲ್ಲೆಲ್ಲ ಬೆರಳು ಬಿಚ್ಚಿಬಿಟ್ಟಿತ್ತು.

 ಎಲ್ಲರೂ ಒಟ್ಟಿಗೇ ಮಾತಾಡಿದರು. ಬೇಕೆಂತಲೇ ಮಾಡಿದ್ದು ಎಂದರು ಕೆಲವರು. ಅವಳ ಮೇಲೆ ಅಪವಾದ ಹೊರಿಸಿದರೆ ನಾಲಿಗೆಯಲ್ಲಿ ಹುಳ ಬೀಳುತ್ತದೆ ಎಂದರು ಕೆಲವರು. ಮಡಿಕೆಯಕ್ಕ ಮೇಜಿನಿಂದ ಹಿಂದೆ ಸರಿದು, ತನ್ನವಲ್ಲವೆಂಬಂತೆ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಅಳುತ್ತಿದ್ದಳು. ಅಷ್ಟರಲ್ಲಿ ಹೊರಗೆ ಆಸ್ಪತ್ರೆಯ ಗಾಡಿ ಹಾರ್ನ್ ಬಾರಿಸಿತು.

ದೊಡ್ಡಣ್ಣ ಮೇಜಿನ ಹತ್ತಿರ ಬಂದ. ಕೋಪ ಇರಲಿಲ್ಲ ಅವನಲ್ಲಿ, ಬರೀ ದಣಿವು. ಇದನ್ನೇ ನಾನು ಹೇಳಿದ್ದು, ಇಷ್ಟು ಜನರನ್ನು ಕೇಳಲು ಹೋದರೆ ಆಗುವುದು ಇಷ್ಟೇ ಎಂದ. ಆಮೇಲೆ ಸೊಸೆಯ ಕಡೆ ತಿರುಗಿದ.

‘ನೀನು ಪಕ್ಕದಲ್ಲೇ ನಿಂತಿದ್ದೆ. ನೋಡಿರ್ತೀಯ. ಗಂಟು ಹೆಚ್ಚಿತ್ತಾ, ಮಡಿಕೆ ಹೆಚ್ಚಿತ್ತಾ, ಹೇಳು. ನೀನು ಹೇಳಿದ್ದನ್ನ ನಾನು ಒಪ್ಕೊತೀನಿ. ನೀನು ಸುಳ್ಳು ಹೇಳಲ್ಲ.’

ಕನಸಿಯ ನಾಲಿಗೆಯ ತುದಿಯಲ್ಲೇ ಉತ್ತರ ಇತ್ತು. ಗಂಟುಗಳನ್ನು ಅವಳು ನೋಡಿದ್ದಳು, ಒಂದರ ಹಿಂದೊಂದು. ಬಹಳ ಇದ್ದವು. ಬಹಳವೇ? ಮಾವನ ಕಿವಿಗೂ ಬೆಳಗ್ಗೆ ಹೀಗೇ ಅನಿಸಿರಬೇಕು, ಹೂಂ ಬಹಳ ಇದ್ದವು ಎಂದು. ಕೇಳಬೇಕೆಂದುಕೊಂಡದ್ದನ್ನು ಅವನು ಕೇಳಿದ್ದ, ನೋಡಬೇಕೆಂದುಕೊಂಡದ್ದನ್ನು ಅವಳು ನೋಡಿದ್ದಳು. ಒಂದು ಮಾತು ಆಡಿದರೆ ಮುಗಿಯಿತು, ಗೆದ್ದಂತೆ. ಸುಳ್ಳೂ ಅಲ್ಲ. ಆದರೆ ಆಗ ತೀರ್ಮಾನ ಮಾಡಿದವಳು ಅವಳೊಬ್ಬಳೇ ಆಗುತ್ತಿದ್ದಳು.

‘ನನಗೆ ಗೊತ್ತಿಲ್ಲ ಮಾವ,’ ಎಂದಳು. ‘ಇನ್ನೊಂದು ಸಲ ಹಾಕ್ಬೇಕು.’

ಬೈಗುಳದ ಸುರಿಮಳೆಯೇ ಆಯಿತು. ಅವಳ ಕಡೆಯವರೇ ಹೆಚ್ಚು ಬೈದರು. ಕೈಗೆ ಬಂದ ತುತ್ತನ್ನು ಚೆಲ್ಲಿದಳು ಎಂದರು. ಒಬ್ಬಳಂತೂ ಎಲ್ಲರಿಗೂ ಕೇಳುವಂತೆ, ಈ ಸಲ ನಾನು ಮಡಿಸೇ ಹಾಕ್ತೀನಿ, ಸಾಕಾಗಿದೆ ಈ ಆಟ ಎಂದಳು. ಅದು ಅವಳ ಹಕ್ಕು ಎಂದುಕೊಂಡಳು ಕನಸಿ, ಬೇಸರಕ್ಕೆ ಬೇಕಾದರೂ ಮಡಿಸಬಹುದು.

ಹಬೆ ಇನ್ನೂ ಪೂರ್ತಿ ಇಳಿದಿಲ್ಲ, ಈಗ ಉರಿ ಹಾಕಿದರೆ ಉಳಿದ ರಾಶಿ ಮುಗಿಯುತ್ತದೆ ಎಂದು ಬಾಯ್ಲರ್ ತಾತ ಒಳಗಿನಿಂದ ಕೂಗಿದ. ಕನಸಿಗೆ ಆಗ ಹೊಳೆಯಿತು: ಗಂಟಿಗೆ ಕಿವಿ ಬೇಕಿಲ್ಲ. ಯಂತ್ರ ಓಡಲಿ, ಕೆಲಸ ನಡೆಯಲಿ, ಒಬ್ಬೊಬ್ಬರೇ ಎದ್ದು ಹೋಗಿ ಹಾಕಿ ಬರಲಿ ಎಂದು ಮತ್ತೆ ಕೈವಸ್ತ್ರ ಹಂಚಿದಳು. ದೊಡ್ಡಣ್ಣ ತಾತನಿಗೆ ಸನ್ನೆ ಮಾಡಿದ.

ರೋಲರುಗಳು ಮತ್ತೆ ಗರಗರ ಎಂದವು. ಹಾಸುಬಟ್ಟೆಗಳು ಒಂದು ಬದಿಯಿಂದ ಸುಕ್ಕಾಗಿ ಹೋಗಿ ಇನ್ನೊಂದು ಬದಿಯಿಂದ ನುಣ್ಣಗೆ ಬಂದವು. ಒಬ್ಬರು ಕೈಬಿಟ್ಟ ಅಂಚನ್ನು ಪಕ್ಕದವರು ಹಿಡಿದರು. ಅವರು ಬಂದಮೇಲೆ ಇವರು ಹೋದರು. ಮಡಿಕೆಯಕ್ಕ ಎಲ್ಲರಿಗಿಂತ ಹೆಚ್ಚು ಹೊತ್ತು ಹಾಸುಬಟ್ಟೆಗಳ ಹಿಂದೆ ಇದ್ದಳು. ಕಲಾವಿದ ಮೂಟೆಗಳನ್ನು ಗಾಡಿಗೆ ಹೊತ್ತುಹಾಕುತ್ತಾ, ಡ್ರೈವರನಿಗೆ ಇನ್ನೇನು ಮುಗಿಯಿತು, ಇನ್ನೇನು ಮುಗಿಯಿತು ಎಂದು ಸಮಾಧಾನ ಹೇಳುತ್ತಿದ್ದ.

ಎಲ್ಲರದೂ ಆಯಿತು ಎಂದು ಬುಟ್ಟಿ ಎತ್ತಲು ಹೋದ ಕನಸಿ ನಿಂತಳು. ಕೈಯಲ್ಲಿ ಇನ್ನೂ ಒಂದು ಕೈವಸ್ತ್ರ ಉಳಿದಿತ್ತು. ಮೊದಲ ಸಲ ಮಾವನನ್ನೂ ಕೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಅವಳು ಅದನ್ನು ಮಾವನ ಮುಂದೆ ಹಿಡಿದಳು.

‘ನನ್ನನ್ನೇನು ಕೇಳೋದು?’ ಎಂದ ದೊಡ್ಡಣ್ಣ. ‘ನಂದು ಏನಂತ ಎಲ್ಲರಿಗೂ ಗೊತ್ತಲ್ಲ.’

‘ಒಬ್ಬರನ್ನೂ ಬಿಡಬೇಡ ಅಂದಿದ್ರಿ.’

ಅವನು ಕೈವಸ್ತ್ರ ತೆಗೆದುಕೊಂಡ. ಬಿಳಿಯ ಬಟ್ಟೆಗಳ ಹಿಂದೆ ಹೋದ. ದೊಡ್ಡ ಆಳು, ಅಷ್ಟು ಬಟ್ಟೆಗಳ ನಡುವೆ ಎಲ್ಲರ ಹಾಗೇ ಕಾಣಿಸದಂತಾದ. ಬಂದಾಗ ಅವನೂ ಕೈ ಒರೆಸಿಕೊಳ್ಳುತ್ತಿದ್ದ.

ಕೊನೆಯ ಮೂಟೆ ಗಾಡಿ ಸೇರಿತು. ಯಂತ್ರ ನಿಂತಿತು. ಈ ಸಲ ಎಣಿಸಲು ಯಾರನ್ನೂ ನೇಮಿಸಲಿಲ್ಲ. ಎಲ್ಲರೂ ಮೇಜಿನ ಸುತ್ತ ನಿಂತರು. ಕನಸಿ ಬುಟ್ಟಿಯನ್ನು ಬೋರಲು ಹಾಕಿದಳು. ಗಂಟಿನವು ಉಬ್ಬಿಕೊಂಡು ಮೇಲೆ ನಿಂತವು. ಯಾರೋ ಗೆದ್ದೆವು ಎಂದು ಪಿಸುಗುಟ್ಟಿದರು. ಗಂಟಿನ ಬಟ್ಟೆ ಯಾವಾಗಲೂ ಜಾಗ ಜಾಸ್ತಿ ತಿನ್ನುತ್ತದೆ, ಲೆಕ್ಕ ಆಗಲಿ ಎಂದು ಮಡಿಕೆಯಕ್ಕ ಗದರಿದಳು. ಅವಳ ಕೈಗಳು ಇನ್ನೂ ಬೆನ್ನ ಹಿಂದೆಯೇ ಇದ್ದವು.

ಕನಸಿ ಒಂದು ಗಂಟನ್ನೂ ಒಂದು ಮಡಿಕೆಯನ್ನೂ ಜೋಡಿಯಾಗಿ ಮೇಜಿನ ಮೇಲೆ ಇಡುತ್ತಾ ಹೋದಳು, ಸಪ್ತಸಮುದ್ರ ದಾಟುವವಳ ಹಾಗೆ, ಒಂದೊಂದೇ ಹೆಜ್ಜೆ. ಜೋಡಿ, ಇನ್ನೊಂದು ಜೋಡಿ. ಸಾಲು ಮೇಜಿನ ತುದಿ ತಲುಪಿ ಮತ್ತೆ ತಿರುಗಿತು. ಗುಡ್ಡೆ ಕರಗುತ್ತಾ ಬಂತು. ಗಂಟು ಮುಗಿಯುತ್ತದೆ ಎನ್ನುವಾಗ ಮಡಿಕೆಯೂ ತೆಳುವಾಗುತ್ತಿತ್ತು. ಬಾಗಿಲಲ್ಲಿ ಡ್ರೈವರ್ ಗಾಡಿಯ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತವನು ತಾನೂ ಇಣುಕತೊಡಗಿದ. ಕನಸಿ ಮಡಿಸಿದ ಕೈವಸ್ತ್ರಕ್ಕಾಗಿ ಕೈ ಚಾಚಿದಳು. ಇರಲಿಲ್ಲ. ಬುಟ್ಟಿಯೊಳಗೆ ನೋಡಿದಳು, ಮೇಜಿನ ಕೆಳಗೆ ನೋಡಿದಳು. ಇರಲಿಲ್ಲ. ಜೋಡಿಯಿಲ್ಲದ ಕೆಲವು ಗಂಟುಗಳು ಮೇಜಿನ ಮೇಲೆ ಉಳಿದಿದ್ದವು.

ಯಾರೂ ಕೇಕೆ ಹಾಕಲಿಲ್ಲ. ಜೋಡಿಸಾಲು ಅಷ್ಟುದ್ದ ಇತ್ತು, ಪ್ರತಿ ಗಂಟಿನ ಪಕ್ಕ ಒಂದು ಮಡಿಕೆ. ಬೇಡ ಅಂದವರಿಗೆ ಬೇಕು ಅಂದವರು ಎಷ್ಟು ಜನ ಎಂದು ಕಣ್ಣಿಗೆ ಕಾಣುತ್ತಿತ್ತು. ರಾತ್ರಿ ಪಾಳಿಯ ಜಗಳ ಎಲ್ಲಿತ್ತೋ ಅಲ್ಲೇ ಇತ್ತು, ಅದಕ್ಕೆ ನಾಳೆಯೇ ಕೂರಬೇಕಿತ್ತು.

ದೊಡ್ಡಣ್ಣನಿಗೂ ಕಾಣುತ್ತಿತ್ತು. ಆದರೂ ಅವನು ಬಾಯಿ ಬಿಡಲಿಲ್ಲ, ಕಾದ. ಕನಸಿಗೆ ಅರ್ಥವಾಯಿತು. ಕಣ್ಣಿಗೆ ಕಂಡರೆ ಸಾಲದು, ಹೇಳಬೇಕು. ಅನ್ನ ಹಾಕಿದವನ ಮುಖ ನೋಡಿ, ಎಲ್ಲರೆದುರು. ಡ್ರೈವರ್ ಬಾಗಿಲು ಬಿಟ್ಟು ಹೋದ, ಹೊರಗೆ ಗಾಡಿಯ ಇಂಜಿನ್ ಚಾಲೂ ಆಯಿತು.

‘ಮಾವ,’ ಎಂದಳು. ‘ಎಲ್ಲರನ್ನೂ ಕೇಳಿದೆ. ನೀವೊಬ್ಬರೇ ತೀರ್ಮಾನ ಮಾಡೋದು ಬೇಡ ಅಂದೋರು ಹೆಚ್ಚು.’